ಅಡುಗೆ ಕಟ್ಟೆ ಮೇಲಿನ ಕಲೆ, ಬೇಲಂ ಗುಹೆ

ಇದು ನಮ್ಮನೆ ಅಡುಗೆ ಕಟ್ಟೆ. ಕರಿ ಕಡಪಾ ಕಲ್ಲು. ಒಲೆ ಪಕ್ಕದ ಈ ಬಿಳಿ ಕಲೆ ನೋಡ್ರಿ. ಅವ್ವ ಉಪ್ಪಿನಕಾಯಿ ಹಾಕುವಾಗ ನಿಂಬೆರಸ ಚೆಲ್ಲಿ, ರಾತ್ರಿಯೆಲ್ಲ ಹಾಗೇ ಉಳಿದಿತ್ತು. ಬೆರಳಾಡಿಸಿದರೆ ಅಲ್ಲಷ್ಟೇ ತರಿತರಿ. ಕಡಪಾ ಕಲ್ಲು ಸುಣ್ಣದಕಲ್ಲು, ಹುಳಿ ಬಿದ್ದರೆ ಕರಗುತ್ತೆ.

ಈ ಕರಗೋ ಕೆಲಸ ನೆಲದೊಳಗೆ ಲಕ್ಷಾಂತರ ವರ್ಷ ನಡೆದರೆ ಏನಾಗುತ್ತೆ? ಅದನ್ನ ನೋಡೋಕೇ ಬಳ್ಳಾರಿಯಿಂದ ಗುಂತಕಲ್ಲು, ಗುತ್ತಿ, ತಾಡಪತ್ರಿ ದಾಟಿ ಆಂಧ್ರದ ಬೇಲಂ ಗುಹೆಗೆ ಬಂದಿದ್ದೀನಿ.

ಬಳ್ಳಾರಿಯವರಿಗೆ ಗವಿ ಅಂದರೆ ಗುಂಡುಕಲ್ಲುಗಳ ಸಂದಿ. ಸಂಗನಕಲ್ಲಲ್ಲಿ, ಆನೆಗೊಂದಿಯಲ್ಲಿ ನಾನು ನುಸುಳಿರೋದೆಲ್ಲ ಅಂಥವೇ. ಆ ಗುಂಡುಗಳ ಗ್ರಾನೈಟ್ ಹೀಗೆ ನೀರಿಗೆ ಕರಗಲ್ಲ. ಬೇಲಂನಲ್ಲಿ ಬೆಟ್ಟವೇ ಇಲ್ಲ, ಬಯಲು ಹೊಲ, ನಡುವೆ ನೆಲ ಕುಸಿದ ಬಾವಿಯಂಥ ಗುಂಡಿ. ಮೆಟ್ಟಿಲಿಳಿದ ಹತ್ತು ನಿಮಿಷಕ್ಕೇ ಅಂಗಿ ಮೈಗೆ ಅಂಟಿತು. ಒಟ್ಟು 3,229 ಮೀಟರ್ ಉದ್ದದ ಗುಹೆ. ತೀರಾ ಆಳದ ಜಾಗ ಪಾತಾಳಗಂಗೆ, ಬಾಯಿಂದ 46 ಮೀಟರ್ ಕೆಳಗೆ.

ಗೋಡೆ ನುಣ್ಣಗೆ ಕಾಣುತ್ತೆ, ಹೊಳೆ ಹರಿದ ಗುರುತು. ಮಳೆನೀರು ಮಣ್ಣಿಗಿಳಿಯುವಾಗ ಬೇರು, ಹುಳಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತೆ. ಸೋಡಾದಲ್ಲಿರೋದೂ ಅದೇ ಆಮ್ಲ. ಆ ನೀರು ಕೂದಲೆಳೆ ಬಿರುಕಿಗೆ ಹೊಕ್ಕು, ಕರಗಿಸಿ, ದಾರಿ ಅಗಲ ಮಾಡುತ್ತೆ. ದಾರಿ ಅಗಲವಾದಷ್ಟೂ ಹೆಚ್ಚು ನೀರು ನುಗ್ಗುತ್ತೆ. ಆಮೇಲೆ ನೀರಿನ ಮಟ್ಟ ಇಳಿದಾಗ ಉಳಿಯೋ ಟೊಳ್ಳೇ ಈ ಗುಹೆ.

ಈಗ ತಲೆ ಎತ್ತಿ ನೋಡ್ರಿ. ಕೋಟಿಲಿಂಗಗಳು ಅಂತ ಕರೆಯೋ ಜಾಗ. ಸುಣ್ಣ ಹೊತ್ತ ಹನಿ ಗುಹೆಯ ಗಾಳಿಗೆ ಬಂದಾಗ ಅದರ ಅನಿಲ ಹೊರಟುಹೋಗಿ ಸುಣ್ಣ ಅಲ್ಲೇ ಕೂರುತ್ತೆ. ಬೋರ್ ನೀರು ಕಾಸೋ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತಲ್ಲ, ಅದೇ ಸುಣ್ಣ. ಇಂಥ ತೂಗುಕಲ್ಲು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯಲ್ಲ. ಮುಟ್ಟಿದರೆ ಕೈಯ ಜಿಡ್ಡು ಕಲ್ಲಿಗೆ ಹತ್ತಿ, ಸುಣ್ಣ ಸರಿಯಾಗಿ ಕೂರಲ್ಲ. ಮುರಿದ ತುದಿಗಳನ್ನ ನೋಡಿ ನನಗೆ ಹೊಟ್ಟೆ ಉರಿಯಿತು.

ವಿಜ್ಞಾನಿಗಳಿಗೆ ಈ ಕಲ್ಲು ಮಳೆಯ ಲೆಕ್ಕಪುಸ್ತಕ. ಯುರೇನಿಯಂ ನೀರಲ್ಲಿ ಕರಗುತ್ತೆ, ಥೋರಿಯಂ ಹೆಚ್ಚುಕಮ್ಮಿ ಕರಗಲ್ಲ. ಹಾಗಾಗಿ ಪದರ ಹೆಪ್ಪುಗಟ್ಟುವಾಗ ಅದರಲ್ಲಿ ಥೋರಿಯಂ ಇರಲ್ಲ ಅನ್ನಬಹುದು. ಆಮೇಲೆ ಯುರೇನಿಯಂ ನಿಧಾನಕ್ಕೆ ಒಡೆದು ಹುಟ್ಟಿದ ಥೋರಿಯಂ ಅಳೆದರೆ ಪದರದ ವಯಸ್ಸು ಸಿಗುತ್ತೆ. ಆಮ್ಲಜನಕದ ಐಸೋಟೋಪುಗಳು, ಅಂದರೆ ತೂಕ ಬೇರೆಬೇರೆ ಇರೋ ಅದರ ಪರಮಾಣುಗಳು, ಆ ಕಾಲದ ಮುಂಗಾರಿನ ಸುಳಿವು ಕೊಡುತ್ತವೆ. ಮೇಘಾಲಯದ ಮಾಮ್ಲು ಗುಹೆಯ ಕಲ್ಲೊಂದು ಸುಮಾರು 4,200 ವರ್ಷದ ಹಿಂದಿನ ದೊಡ್ಡ ಬರವನ್ನ ಹೀಗೇ ತೋರಿಸಿತು. 2018ರಲ್ಲಿ ಭೂಮಿಯ ಈಗಿನ ಯುಗಕ್ಕೆ ಮೇಘಾಲಯನ್ ಅಂತ ಹೆಸರಿಟ್ಟದ್ದು ಅದರಿಂದಲೇ.

ಬೇಲಂ ಬಗ್ಗೆ 1884ರಲ್ಲಿ ಬರೆದಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಸುಮಾರು ನೂರು ವರ್ಷದ ಮೇಲೆ, 1982-83ರಲ್ಲಿ, ಜರ್ಮನಿಯ ಡೇನಿಯಲ್ ಗೆಬಾವರ್ ತಂಡ ಇದನ್ನ ಅಳೆಯಿತು. ಗುಹೆ ಅಳೆಯೋದು ತಾಳ್ಮೆಯ ಕೆಲಸ. ಕಣ್ಣಿಗೆ ಕಾಣುವಷ್ಟು ದೂರಕ್ಕೊಂದು ಗುರುತು, ಅಲ್ಲಿಗೆ ಟೇಪು, ದಿಕ್ಸೂಚಿ, ಇಳಿಜಾರಿನ ಕೋನ. ಕೆಸರು ಕೈಯಲ್ಲೇ ನಕ್ಷೆ. ಈಗ ಟೇಪಿನ ಬದಲು ಲೇಸರ್ ಬಂದಿದೆ, ತೆವಳೋದಂತೂ ತಪ್ಪಿಲ್ಲ.

ನಮ್ಮ ಸಂಗನಕಲ್ಲಿನ ಕಲ್ಲಾಯುಧಗಳನ್ನ ಇಟ್ಟಿರೋ ಬಳ್ಳಾರಿಯ ಮ್ಯೂಸಿಯಂಗೂ ಇದೇ ಫೂಟ್ ಹೆಸರು. ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದೀನಿ. ಈ ಶನಿವಾರ ಅವ್ವನ್ನ ಕರಕೊಂಡು ಒಳಗೆ ಹೋಗ್ತೀನಿ.