ಪ್ಲೇಟು ಇದೆ, ಪಟ್ಟಿ ಇಲ್ಲ

ನಮಸ್ಕಾರ.

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನನ್ನ ಹತ್ತಿರ ಒಂದಷ್ಟು ಗ್ರಾಮೋಫೋನ್ ಪ್ಲೇಟುಗಳಿವೆ. ಒಮ್ಮೆ ಜಾಗ ಸಾಲದೆ ಇಪ್ಪತ್ತು-ಮೂವತ್ತು ಎಲ್‌ಪಿಗಳನ್ನು, ಅಂದರೆ ನಿಧಾನ ಸುತ್ತುವ ದೊಡ್ಡ ಪ್ಲೇಟುಗಳನ್ನು, ಕಪಾಟಿನ ಕೊನೆಯಲ್ಲಿ ಸುಮ್ನೆ ಓರೆಯಾಗಿ ಒರಗಿಸಿಟ್ಟಿದ್ದೆ, ನಾಳೆ ಸರಿ ಮಾಡಿದರಾಯಿತು ಅಂತ. ಆ ನಾಳೆ ಬರುವಷ್ಟರಲ್ಲಿ ಒಂದು ಬೇಸಿಗೆ ಕಳೆದುಹೋಗಿತ್ತು. ಒಂದನ್ನು ತೆಗೆದು ಹಾಕಿದೆ. ಮುಳ್ಳು ಅಲೆಯ ಮೇಲಿನ ದೋಣಿಯ ಹಾಗೆ ಏಳುತ್ತ ಬೀಳುತ್ತ ಹೋಯಿತು. ಹಾಡುವವರ ದನಿ ಸುತ್ತಿಗೊಂದು ಸಲ ತೂಕಡಿಸುತ್ತಿತ್ತು. ನಿಮಿಷಕ್ಕೆ ಮೂವತ್ತಮೂರು ಸುತ್ತು, ಮೂವತ್ತಮೂರು ತೂಕಡಿಕೆ.

ನನ್ನದು ಸಣ್ಣ ನಷ್ಟ, ಬಿಡಿ. ಹತ್ತು ಸಾವಿರ ಪ್ಲೇಟು ಇಟ್ಟುಕೊಂಡವರ ಕಥೆ ಏನು? ಅಂಥ ಮನೆಗಳಿವೆ. ಒಬ್ಬರೇ ಮನುಷ್ಯ ನಲವತ್ತು ವರ್ಷ ಹುಡುಕಿ ಹುಡುಕಿ ತಂದು ಒಂದು ಕೋಣೆ ತುಂಬಿಸಿ, ಆಮೇಲೆ ಇನ್ನೊಂದು ಕೋಣೆ ತುಂಬಿಸಿ, ಕೊನೆಗೆ ಮಂಚದ ಕೆಳಗೂ ತಳ್ಳಿರುತ್ತಾರೆ. ಅದನ್ನು ಉಳಿಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಸಂಗೀತದ ವಿಷಯ ಆಮೇಲೆ. ಮೊದಲು ತೂಕ. ಒಂದು ಎಲ್‌ಪಿ ಕವರ್ ಸಮೇತ ಹೆಚ್ಚುಕಡಿಮೆ ಕಾಲು ಕೆಜಿ ತೂಗುತ್ತದೆ. ಹತ್ತು ಸಾವಿರ ಅಂದರೆ ಎರಡೂವರೆ ಟನ್. ಪುಸ್ತಕದ ಕಪಾಟಿನಲ್ಲಿ ತುಂಬಿಸಿದರೆ ಹಲಗೆ ನಡು ಬಾಗಿಸುತ್ತದೆ. ಹಲಗೆ ಬಾಗಿದರೆ ಪ್ಲೇಟು ಓರೆಯಾಗುತ್ತದೆ, ಓರೆಯಾದದ್ದು ಸೊಟ್ಟಗಾಗುತ್ತದೆ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ನಡುವೆ ಗೇಣಿಗೊಂದು ನಿಲುವು ಹಲಗೆ ಇರಬೇಕು. ತೀರಾ ಬಿಗಿಯಾಗಿ ತುರುಕಿದರೆ ಎಳೆಯುವಾಗ ಕವರ್ ಹರಿಯುತ್ತದೆ, ಸಡಿಲ ಬಿಟ್ಟರೆ ನನ್ನ ಗತಿಯೇ. ಒಂದರ ಮೇಲೊಂದು ಪೇರಿಸಿಡುವವರೂ ಇದ್ದಾರೆ. ಅಂಥ ಕವರ್ ಮೇಲೆ ಒಳಗಿನ ಪ್ಲೇಟಿನ ಅಂಚು ದುಂಡಗೆ ಅಚ್ಚೊತ್ತಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಸೆಕೆ, ತೇವದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 20 ಡಿಗ್ರಿ ಆಸುಪಾಸು, ತೇವಾಂಶ ಶೇಕಡಾ 35ರಿಂದ 50. ಅಷ್ಟು ಆಗದಿದ್ದರೆ ಏರಿಳಿತವಾದರೂ ಕಡಿಮೆ ಇರಲಿ. ತೇವ 65 ದಾಟಿತು ಅಂದರೆ ಬೂಷ್ಟು ಶುರು. ಬೂಷ್ಟಿಗೆ ಪ್ಲೇಟಿಗಿಂತ ಕವರಿನ ಕಾಗದ, ಅಂಟು ಇಷ್ಟ. ಅಲ್ಲಿಂದ ಪ್ಲೇಟಿನಲ್ಲಿ ಮುಳ್ಳು ಓಡುವ ಗೆರೆಗೆ ಇಳಿಯುತ್ತದೆ.

ಇನ್ನು ಪ್ಲೇಟಿನ ವಿಷಯ. ಕಪ್ಪಗೆ ದುಂಡಗಿದ್ದದ್ದೆಲ್ಲ ಒಂದೇ ಅಲ್ಲ. ಹಳೆಯ 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತಿನವು, ಹೆಚ್ಚಿನವು ಅರಗಿನವು. ಹೌದು, ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ, ಕಪ್ಪು ಮಸಿ ಬೆರೆಸಿ ಅಚ್ಚು ಹಾಕುತ್ತಿದ್ದರು. ಕೈ ಜಾರಿದರೆ ಗಾಜಿನ ಹಾಗೆ ಚೂರು. ಇನ್ನೊಂದು ಅಪಾಯವನ್ನು ಹಲವರು ಪ್ಲೇಟು ಹಾಳು ಮಾಡಿಕೊಂಡೇ ಕಲಿಯುತ್ತಾರೆ: ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಚೊಕ್ಕ ಮಾಡುತ್ತೇನೆ ಅಂತ ಸ್ಪಿರಿಟ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಹತ್ತುವ ಕಪ್ಪು ಕೊಳೆಯಲ್ಲ, ಹಾಡು. 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ, ಅದಕ್ಕೆ ಮುಳ್ಳೂ ಬೇರೆಯೇ ಬೇಕು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಬಳಕೆ ಹೆಚ್ಚಿದ ವಿನೈಲ್ ಪ್ಲಾಸ್ಟಿಕ್ ಗಟ್ಟಿ ಜೀವ. ಬಿದ್ದರೆ ಒಡೆಯುವುದು ಅಪರೂಪ, ಆದರೆ ಗೀರು, ಶಾಖ ಎರಡನ್ನೂ ತಡೆಯುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ಮೂರನೆಯ ಜಾತಿಗೆ. ಲ್ಯಾಕರ್ ಪ್ಲೇಟು. ಟೇಪ್ ಬರುವ ಮೊದಲು ರೇಡಿಯೋ ಸ್ಟೇಷನ್ನಿನವರು, ಕೆಲವು ಮನೆಯವರು ಕೂಡ, ದನಿಯನ್ನು ನೇರವಾಗಿ ಇದರ ಮೇಲೆ ಕೊರೆಯುತ್ತಿದ್ದರು. ಅಲ್ಯೂಮಿನಿಯಂ ತಟ್ಟೆ, ಮೇಲೆ ವಾರ್ನಿಷ್ಷಿನಂಥ ಲ್ಯಾಕರ್ ಲೇಪ. ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ತಟ್ಟೆಗೂ ಲೇಪ ಹಚ್ಚಿದರು. ಅಂಗಡಿಗೆ ಹೋದ ಮಾಲಲ್ಲ ಇದು. ಹಲವು ಸಲ ಇರುವುದೇ ಒಂದು ಪ್ರತಿ. ವರ್ಷ ಕಳೆದಂತೆ ಲೇಪದೊಳಗಿನ ಎಣ್ಣೆಯ ಅಂಶ ಹೊರಬಂದು ಮೇಲೆ ಬಿಳಿ ಜಿಡ್ಡು ಕೂರುತ್ತದೆ. ಲೇಪ ಒಣಗಿ ಕುಗ್ಗುತ್ತದೆ, ಕೆಳಗಿನ ತಟ್ಟೆ ಕುಗ್ಗುವುದಿಲ್ಲ. ಕೊನೆಗೆ ಬಿಸಿಲಿಗೆ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟು ಎದ್ದು ಬರುತ್ತದೆ. ಎದ್ದ ಮೇಲೆ ಮುಳ್ಳು ಇಡುವಂತಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಐರೀನ್ ಅನ್ನುವ ಯಂತ್ರ ಮಾಡಿದ್ದಾರೆ. ಅದು ಪ್ಲೇಟನ್ನು ಮುಟ್ಟದೆ ಗೆರೆಗಳ ಫೋಟೋ ತೆಗೆದು, ಅದರಿಂದ ದನಿ ಹೊರಡಿಸುತ್ತದೆ. ಅದ್ಭುತವೇ. ಆದರೆ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ ಹೇಳಿ? ಹಾಗಾಗಿ ಪ್ಲೇಟಿನ ಅಂಚನ್ನೋ ನಡುವಿನ ತೂತನ್ನೋ ಬೆಳಕಿಗೆ ಹಿಡಿದು ನೋಡಿ. ಲೋಹದ ಹೊಳಪು ಕಂಡರೆ ಅದನ್ನು ಬೇರೆ ಎತ್ತಿಡಿ.

ಕಾಪಾಡಲು ಹೋಗಿ ಕೆಡಿಸುವುದೂ ಇದೆ. ಕೆಲವರು ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರ್ ಹಾಕಿ ನಿಶ್ಚಿಂತರಾಗುತ್ತಾರೆ. ವರ್ಷಗಳಾದ ಮೇಲೆ ಪ್ಲೇಟು ಹೊರಗೆಳೆದರೆ ಮೈಮೇಲೆ ಉಸಿರು ಬಿಟ್ಟ ಕನ್ನಡಿಯಂಥ ಮಬ್ಬು. ಒರೆಸಿದರೂ ಹೋಗುವುದಿಲ್ಲ. ಕವರಿನಿಂದ ಹೊರಟ ರಾಸಾಯನಿಕ ವಿನೈಲಿಗೇ ಅಂಟಿರುತ್ತದೆ. ಒಳಗಿನ ಕವರ್ ಪಾಲಿಥಿನ್‌ದಿರಲಿ, ಸಾಕು.

ಇಷ್ಟೆಲ್ಲ ಹೇಳಿದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಟ್ಟರೆ ಆಯಿತಲ್ಲ? ಹಾಕಬಹುದು. ಲೆಕ್ಕ ಹಾಕೋಣ. ಎಲ್‌ಪಿ ನಲವತ್ತು ನಿಮಿಷದ್ದಾದರೆ ಅದನ್ನು ಇಳಿಸಿಕೊಳ್ಳಲೂ ನಲವತ್ತು ನಿಮಿಷ, ಬೇಗ ಮಾಡುವ ಹಾಗಿಲ್ಲ. ಹತ್ತು ಸಾವಿರಕ್ಕೆ ಸುಮಾರು 6,700 ಗಂಟೆ. ದಿನಕ್ಕೆ ಎಂಟು ಗಂಟೆ, ಭಾನುವಾರವೂ ಬಿಡದೆ ಕೂತರೆ ಎರಡು ವರ್ಷ ಮೂರು ತಿಂಗಳ ಮೇಲೆ. ಇದರಲ್ಲಿ ತೊಳೆಯುವ ಹೊತ್ತು, ಮುಳ್ಳು ಬದಲಿಸುವ ಹೊತ್ತು ಸೇರಿಲ್ಲ. ಆರ್ಕೈವ್‌ನವರು ಹೇಳುವ ಗುಣಮಟ್ಟದಲ್ಲಿ, ಅಂದರೆ ದನಿಯನ್ನು ಸೆಕೆಂಡಿಗೆ 96,000 ಸಲ ಅಳೆಯುವ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿದರೆ ಒಂದು ಎಲ್‌ಪಿಗೆ ಸುಮಾರು 1.4 ಜಿಬಿ. ಒಟ್ಟು 14 ಟಿಬಿ, ಅದಕ್ಕೊಂದು ನಕಲು ಇಟ್ಟರೆ 28. ಹಾರ್ಡ್ ಡಿಸ್ಕ್ ಪ್ಲೇಟಿನಷ್ಟು ವರ್ಷ ಬಾಳುವುದಿಲ್ಲ ಅನ್ನುವುದನ್ನೂ ನೆನಪಿಡಿ.

ಹಾಗಾದರೆ ಆರಿಸಬೇಕು. ಯಾವುದು ಎಲ್ಲ ಕಡೆ ಸಿಗುತ್ತದೆ, ಯಾವುದು ಇಲ್ಲಿ ಮಾತ್ರ ಇದೆ ಅಂತ. ಆರಿಸಬೇಕಾದರೆ ಏನೇನು ಇದೆ ಅಂತ ಗೊತ್ತಿರಬೇಕು. ಅದು ಗೊತ್ತಿರುವುದು ಯಜಮಾನರ ತಲೆಯಲ್ಲಿ ಮಾತ್ರ, ಅಲ್ವಾ? ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಪ್ಲೇಟು ಬರುತ್ತದೆ ಅವರಿಗೆ. ಅವರ ಮಕ್ಕಳಿಗೆ ಅದು ಎರಡೂವರೆ ಟನ್ ಭಾರ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪಾಲ್ ಮಾವಿನ್ನಿ ಅಂತ ರೆಕಾರ್ಡ್ ಅಂಗಡಿಯವರಿದ್ದರು. ಅಂಗಡಿಗೆ ಬಂದದ್ದರಲ್ಲಿ ಒಂದೊಂದು ಪ್ರತಿ ತಮಗಂತ ಎತ್ತಿಡುತ್ತಿದ್ದರು, ಅದೇ ಬೆಳೆದು ಲಕ್ಷಗಟ್ಟಲೆ ಆಯಿತು. ವಯಸ್ಸಾಯಿತು, ಕಣ್ಣು ಮಂಜಾಯಿತು, ಇಡಿಯಾಗಿ ಮಾರಲು ಹೊರಟರು. 2008ರಲ್ಲಿ ಇ-ಬೇ ಅನ್ನುವ ಆನ್‌ಲೈನ್ ಹರಾಜಿನಲ್ಲಿ ಭಾರೀ ಬೆಲೆಗೆ ಕೂಗಿದವರೊಬ್ಬರು ಬಂದರು, ನೋಡಿದರೆ ಅದು ಸುಳ್ಳು ಕೂಗು. ಕೊನೆಗೆ 2013ರಲ್ಲಿ ಕೊಂಡವರು ಬ್ರೆಜಿಲ್‌ನ ಸಾವೊ ಪೌಲೊದ ಜೀರೋ ಫ್ರೆಯ್ಟಾಸ್, ಬಸ್ ಕಂಪನಿಯ ಯಜಮಾನ. ಅವರಿಗೂ ಪ್ಲೇಟಿನ ಹುಚ್ಚು. ಕೊಂಡ ಮೇಲೆ ಅವರು ಮಾಡಿಸಿದ ಕೆಲಸ ಯಾವುದು ಗೊತ್ತಾ? ಹುಡುಗರನ್ನು ಕೂರಿಸಿ ಪಟ್ಟಿ ಬರೆಸಿದ್ದು. ದಿನಕ್ಕೆ ಸುಮಾರು 500. ಆ ವೇಗದಲ್ಲಿ ಹತ್ತು ಲಕ್ಷಕ್ಕೆ 2,000 ದಿನ, ಅಷ್ಟರಲ್ಲಿ ಹೊಸ ಪೆಟ್ಟಿಗೆಗಳು ಬಂದು ಬೀಳುತ್ತಲೇ ಇದ್ದವು.

ಅದಕ್ಕೇ ನಾನು ಹೇಳುವುದು, ತೊಳೆಯುವುದು, ಇಳಿಸುವುದು ಎಲ್ಲ ಆಮೇಲೆ. ಪಟ್ಟಿ ಮೊದಲು. ಲೈಬ್ರರಿಗೆ ಕೊಡುತ್ತೇನೆ ಅಂತ ಹೋದರೂ ಅವರು ಮೊದಲು ಕೇಳುವುದು ಅದನ್ನೇ. ಕವರ್ ಮೇಲಿನ ಹೆಸರು ಬರೆದರೆ ಸಾಲದು. ಹಾಡು ಮುಗಿದು ಲೇಬಲ್ ಶುರುವಾಗುವ ನಡುವೆ ಬೋಳು ಜಾಗವೊಂದು ಇರುತ್ತದೆ ನೋಡಿ. ಅಲ್ಲಿ ಟಾರ್ಚ್ ಓರೆಯಾಗಿ ಬಿಟ್ಟರೆ ಕೊರೆದ ಅಕ್ಷರ, ಅಂಕಿ ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ನಂಬರ್. ಒಂದೇ ಕವರ್, ಒಂದೇ ಲೇಬಲ್ ಇದ್ದರೂ ಯಾವ ಅಚ್ಚಿನಿಂದ ಬಂದ ಪ್ಲೇಟು ಅನ್ನುವುದನ್ನು ಅದು ಹೇಳುತ್ತದೆ. ಮೊಬೈಲಿನಲ್ಲಿ ಲೇಬಲ್ಲಿನ ಫೋಟೋ, ಈ ನಂಬರು, ಎಲ್ಲಿ ಗೀರಿದೆ, ಎಲ್ಲಿಂದ ಬಂತು. ದಿನಕ್ಕೆ ಇಪ್ಪತ್ತು ಬರೆದರೂ ಹತ್ತು ಸಾವಿರ ಒಂದೂವರೆ ವರ್ಷದೊಳಗೆ ಮುಗಿಯುತ್ತದೆ. ಯಜಮಾನರು ಇರುವಾಗಲೇ ಪಕ್ಕದಲ್ಲಿ ಕೂತು ಬರೆಯಬೇಕು, ಅಷ್ಟೇ.

ಹಳೆಯ ಪ್ಲೇಟುಗಳ ಒಂದು ಪೆಟ್ಟಿಗೆ ಕೊಂಡಿದ್ದೆ ಒಮ್ಮೆ. ಯಾರದ್ದೋ ಏನೋ. ಒಂದು ಕವರಿನೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಸಿಕ್ಕಿತು: "ಎರಡನೇ ಬದಿ, ಮೂರನೇ ಹಾಡು, ಮುಳ್ಳು ಸಿಕ್ಕಿಕೊಳ್ಳುತ್ತದೆ. ಮುಟ್ಟಬೇಡಿ, ನಾಲ್ಕು ಸುತ್ತು ಬಿಡಿ, ತಾನೇ ಹೋಗುತ್ತದೆ." ಹಾಕಿ ನೋಡಿದೆ. ಮೂರನೇ ಹಾಡಿನಲ್ಲಿ ಸಿಕ್ಕಿಕೊಂಡಿತು. ಕೈ ಚಾಚಿದವನು ಹಿಂದಕ್ಕೆಳೆದುಕೊಂಡು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಹೋಯಿತು.

ನಮಸ್ಕಾರ.