ಅಂಬಲಿಯ ಬಟ್ಟಲಿಗೆ ಒಂದು ಚಮಚ ಚಿಯಾ

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರಿನ ದಿನಸಿ ಅಂಗಡಿಗಳಲ್ಲಿ ಈಗ ಎಳ್ಳು, ಗಸಗಸೆ, ಅಗಸೆಯ ಸಾಲಿನಲ್ಲೇ ಚಿಯಾ ಬೀಜದ ಪೊಟ್ಟಣವೂ ಇರುತ್ತದೆ. ಕೊಂಡುಕೊಂಡವರಲ್ಲಿ ಹಲವರು ತೂಕ ಇಳಿಯಲಿ ಎಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆರಸದ ಜೊತೆ ಅದನ್ನು ಕುಡಿಯುತ್ತಾರೆ. ಕೆಲವು ದಿನ ಕಳೆದರೆ ಬೇಸರ ಬಂದು, ಡಬ್ಬಿ ಅಟ್ಟಣಿಗೆಯ ಹಿಂದಕ್ಕೆ ಸರಿಯುತ್ತದೆ. ಒಳ್ಳೆಯ ಪದಾರ್ಥವೊಂದು ಹೀಗೆ ಮೂಲೆ ಸೇರುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಬೀಜ ತಾನಾಗಿ ಬೊಜ್ಜು ಕರಗಿಸುವುದಿಲ್ಲ. ಅದನ್ನು ನಾವು ದಿನವೂ ಉಣ್ಣುವ ಅಡುಗೆಯೊಳಗೆ ಸೇರಿಸಿಕೊಂಡರೆ ಮಾತ್ರ ಪ್ರಯೋಜನ.

ಚಿಯಾದ ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲಾ. ಆಜ್ಟೆಕ್ ಜನರು ಮುಸುಕಿನ ಜೋಳದ ಜೊತೆ ಇದನ್ನೂ ಬೆಳೆದು ಉಣ್ಣುತ್ತಿದ್ದರು. ತುಳಸಿ, ಪುದೀನಾಗಳ ಕುಟುಂಬಕ್ಕೆ ಸೇರಿದ ಗಿಡವಿದು. ನಮ್ಮ ರಾಜ್ಯದಲ್ಲಿ ಇದರ ಬೇಸಾಯಕ್ಕೆ ದಾರಿ ತೋರಿಸಿದ್ದು ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. ಮೈಸೂರು, ಚಾಮರಾಜನಗರದ ಕಡೆಯ ರೈತರು ಬೆಳೆಯುತ್ತಿದ್ದಾರೆ. ಹಾಗಾಗಿ ಹೊರದೇಶದ ದುಬಾರಿ ಪೊಟ್ಟಣವೇ ಬೇಕು ಎಂದುಕೊಳ್ಳಬೇಡಿ.

ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಫಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜವನ್ನೇ ಚಿಯಾ ಎಂದು ಭಾವಿಸುವವರು ಬಹಳ ಮಂದಿ. ಕಾಮಕಸ್ತೂರಿ ಪೂರ್ತಿ ಕಪ್ಪಗಿರುತ್ತದೆ, ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೂದು, ಕಪ್ಪು, ಬಿಳಿ ಬೆರೆತು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಉಬ್ಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡೂ ಒಳ್ಳೆಯವೇ, ಆದರೆ ಬೆಲೆಯೂ ಬಳಕೆಯೂ ಬೇರೆ.

ಈಗ ರಾಗಿಯ ವಿಷಯಕ್ಕೆ ಬರುತ್ತೇನೆ. ಕೋಲಾರ, ತುಮಕೂರಿನವರ ಮುಂದೆ ರಾಗಿಯನ್ನು ಬಿಟ್ಟು ಆಹಾರದ ಮಾತಾಡುವುದು ಹೇಗೆ? ನೂರು ಗ್ರಾಂ ಚಿಯಾದಲ್ಲಿ ಸುಮಾರು 630 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ರಾಗಿಯಲ್ಲಿ ಸುಮಾರು 350. ಇದನ್ನು ಓದಿದವರು ಚಿಯಾ ರಾಗಿಯನ್ನು ಮೀರಿಸಿತು ಎನ್ನುತ್ತಾರೆ. ಆದರೆ ಚಿಯಾವನ್ನು ನೂರು ಗ್ರಾಂ ತಿನ್ನುವವರು ಯಾರು? ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 12 ಗ್ರಾಂ. ಅದರಿಂದ ಸಿಗುವ ಕ್ಯಾಲ್ಸಿಯಂ 75 ಮಿಲಿಗ್ರಾಂ. ನೂರು ಗ್ರಾಂ ಹಿಟ್ಟಿನ ಮುದ್ದೆ ಅದರ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಕೊಡುತ್ತದೆ. ಮುದ್ದೆ ಬಿಟ್ಟು ಚಿಯಾ ಹಿಡಿಯುವವರಿಗೆ ನಷ್ಟವೇ.

ಚಿಯಾದ ದೊಡ್ಡ ಗುಣ ನಾರಿನಂಶ. ನೂರು ಗ್ರಾಂನಲ್ಲಿ ಸುಮಾರು 34 ಗ್ರಾಂ ನಾರು. ಒಂದೇ ಚಮಚದಲ್ಲಿ ನಾಲ್ಕು ಗ್ರಾಂ. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇರುವುದಿಲ್ಲ. ಎರಡು ಹೊತ್ತೂ ಬಿಳಿ ಅನ್ನ ಉಣ್ಣುವ ಮನೆಗಳಲ್ಲಿ ಮಲಬದ್ಧತೆಯ ದೂರು ಏಕೆ ಇಷ್ಟೊಂದು ಎಂದು ಇಲ್ಲೇ ಗೊತ್ತಾಗುತ್ತದೆ. ಒಮೆಗಾ-3 ಕೊಬ್ಬೂ ಚಿಯಾದಲ್ಲಿ ಧಾರಾಳವಾಗಿದೆ. ಅಗಸೆಯಲ್ಲಿ ಅದು ಇನ್ನೂ ಸ್ವಲ್ಪ ಹೆಚ್ಚೇ ಇದೆ. ಅಗಸೆಯನ್ನು ಪುಡಿ ಮಾಡಬೇಕು, ಚಿಯಾವನ್ನು ನೆನೆಸಿದರೆ ಸಾಕು. ಕೈ ಬಿಗಿ ಇರುವವರು ಅಗಸೆ ಚಟ್ನಿಪುಡಿಯನ್ನೇ ನೆಮ್ಮದಿಯಿಂದ ಉಣ್ಣಲಿ, ಕೊರತೆಯೇನೂ ಆಗದು.

ನೆನೆಸುವ ಕ್ರಮ ಹೀಗಿದೆ. ಒಂದು ದೊಡ್ಡ ಚಮಚ ಬೀಜಕ್ಕೆ ಮುಕ್ಕಾಲು ಲೋಟ ನೀರು ಹಾಕಿ ಕದಡಿ. ಐದು ನಿಮಿಷ ಬಿಟ್ಟು ಮತ್ತೆ ಒಮ್ಮೆ ಕದಡಿ, ಇಲ್ಲದಿದ್ದರೆ ಗಂಟುಕಟ್ಟುತ್ತದೆ. ಇಪ್ಪತ್ತು ನಿಮಿಷಗಳಲ್ಲಿ ಪ್ರತಿ ಬೀಜದ ಸುತ್ತಲೂ ಲೋಳೆ ಮೂಡುತ್ತದೆ. ತನ್ನ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ಬೇಸಿಗೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅಂಬಲಿ. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಕೈಬಿಡದೆ ತಿರುವಿ ಇಳಿಸಿ. ಪೂರ್ತಿ ಆರಿದ ಮೇಲೆ ಹುಳಿ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಕೊನೆಯಲ್ಲಿ ನೆನೆದ ಚಿಯಾ. ಮಜ್ಜಿಗೆ ಸೇರಿಸಿದ ಅಂಬಲಿಯಲ್ಲಿ ಹಿಟ್ಟು ತಳಕ್ಕೆ ಇಳಿಯುತ್ತದಲ್ಲ, ಚಿಯಾದ ಲೋಳೆ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಹೊಲಕ್ಕೆ ಒಯ್ದರೂ ಕೊನೆಯ ಗುಟುಕಿನವರೆಗೆ ಹದ ಕೆಡುವುದಿಲ್ಲ. ಬೆಳಗಿನ ಹತ್ತು ಗಂಟೆಗೆ ಒಂದು ಚೊಂಬು ಕುಡಿದವರಿಗೆ ಮಧ್ಯಾಹ್ನದವರೆಗೆ ಹಸಿವು ಕಾಡದು.

ಕೋಸಂಬರಿಗೆ ನೆನೆಸುವ ಕೆಲಸವೂ ಇಲ್ಲ. ಉಪ್ಪು ಬಿದ್ದೊಡನೆ ಸೌತೆಕಾಯಿ ನೀರು ಬಿಡುತ್ತದೆ, ಹೆಸರುಬೇಳೆ ಅದರಲ್ಲಿ ತೇಲುತ್ತದೆ. ಒಂದು ಸಣ್ಣ ಚಮಚ ಚಿಯಾ ಉದುರಿಸಿ ಕಾಲು ಗಂಟೆ ಬಿಡಿ. ಆ ನೀರನ್ನೆಲ್ಲ ಬೀಜವೇ ಹೀರಿಕೊಂಡಿರುತ್ತದೆ, ರಸ ತಟ್ಟೆಯಲ್ಲಿ ಪೋಲಾಗುವುದಿಲ್ಲ.

ರಾಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುವುದು ಎಲ್ಲರಿಗೂ ಗೊತ್ತು. ಗೋಧಿಯಲ್ಲಿರುವ ಅಂಟು ರಾಗಿಯಲ್ಲಿಲ್ಲ. ಎರಡು ಲೋಟ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ನೆನೆದ ಚಿಯಾ ಸೇರಿಸಿ, ಉಳಿದ ನೀರನ್ನು ಕಡಿಮೆ ಮಾಡಿ ಕಲಸಿ ನೋಡಿ. ಬಾಳೆಲೆಯ ಮೇಲೆ ಸಲೀಸಾಗಿ ಹರಡುತ್ತದೆ, ಮಕ್ಕಳ ಊಟದ ಡಬ್ಬಿಯಲ್ಲೂ ಮೆತ್ತಗೆ ಉಳಿಯುತ್ತದೆ. ಮುದ್ದೆಗೆ ಮಾತ್ರ ದಯವಿಟ್ಟು ಹಾಕಬೇಡಿ. ಅಗಿಯದೆ ನುಂಗುವ ಮುದ್ದೆಗೆ ಅದರದೇ ನುಣುಪು ಇದೆ. ಬಸ್ಸಾರಿನ ಮುಂದೆ ಬೇರೆ ಯಾವ ಬೀಜವೂ ಬೇಡ.

ಒಣ ಬೀಜವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿಯುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಅಮೆರಿಕದಲ್ಲಿ ಒಬ್ಬರು ಹಾಗೆ ಒಂದು ಚಮಚ ನುಂಗಿದಾಗ ಬೀಜ ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡಿತ್ತು. 2014ರಲ್ಲಿ ವೈದ್ಯರು ಆ ಪ್ರಕರಣವನ್ನು ವರದಿ ಮಾಡಿದರು. ನುಂಗಲು ಕಷ್ಟಪಡುವ ಹಿರಿಯರಿಗೂ ಎಳೆಯ ಮಕ್ಕಳಿಗೂ ಕೊಡುವ ಮುನ್ನ ವೈದ್ಯರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರೂ ಹಾಗೆಯೇ ಮಾಡಬೇಕು. ಹೊಸದಾಗಿ ಶುರು ಮಾಡುವವರು ಅರ್ಧ ಚಮಚದಿಂದ ಆರಂಭಿಸಿ, ನೀರು ಚೆನ್ನಾಗಿ ಕುಡಿಯಿರಿ. ನೀರಿಲ್ಲದೆ ನಾರು ಹೆಚ್ಚಿದರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ.

ಕೊನೆಗೆ ಒಂದು ಸಿಹಿ. ತುಮಕೂರಿನಲ್ಲಿ ತೆಂಗಿಗೆ ಬರವಿಲ್ಲ, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಹಣ್ಣು ಸಿಗುತ್ತದೆ. ಹೋಳು ತೆಂಗಿನಕಾಯಿಯನ್ನು ತುರಿದು ಹಾಲು ಹಿಂಡಿ. ಸೋಸಿದ ಬೆಲ್ಲದ ನೀರು ಆರಿದ ಮೇಲೆ ಅದಕ್ಕೆ ಬೆರೆಸಿ, ಎರಡು ಸಣ್ಣ ಚಮಚ ಚಿಯಾ, ಚಿಟಿಕೆ ಏಲಕ್ಕಿ ಹಾಕಿ ಅರ್ಧ ಗಂಟೆ ಬಿಡಿ. ಒಲೆಯ ಮೇಲೆ ಇಡದೆಯೇ ಗಟ್ಟಿಯಾಗುತ್ತದೆ. ಬಡಿಸುವ ಮುನ್ನ ಮಾವಿನ ಹೋಳು ಸೇರಿಸಿ. ತೆಂಗಿನ ಹಾಲು ಬೇಗ ಹುಳಿಯುವುದರಿಂದ ಅಂದೇ ತಿಂದು ಮುಗಿಸಿ.

ನಮಸ್ಕಾರ.