ಸರಳತೆಯ ಹಿಂದೆ ಮರೆಯಾದ ಶಾಸ್ತ್ರಿ

ನಮಸ್ಕಾರ. ಲಾಲ್ ಬಹದ್ದೂರ್ ಶಾಸ್ತ್ರಿಯವರ ವಿಷಯ ಬಂದಾಗಲೆಲ್ಲ ನಮ್ಮ ಮಾತು ಎರಡೇ ಕಡೆ ಸುತ್ತುತ್ತದೆ. ಒಂದು, ಕಾರು ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಮಾಡಿದ ಪ್ರಾಮಾಣಿಕ ಪ್ರಧಾನಿ. ಇನ್ನೊಂದು, ಆಗಿನ ಸೋವಿಯತ್ ಒಕ್ಕೂಟದ ತಾಷ್ಕೆಂಟಿನಲ್ಲಿ ಸಂಭವಿಸಿದ ಅವರ ಸಾವು. ಹತ್ತೊಂಬತ್ತು ತಿಂಗಳು ದೇಶವನ್ನಾಳಿ, ಒಂದು ಯುದ್ಧವನ್ನು ಮುನ್ನಡೆಸಿದ ರಾಜಕಾರಣಿ ಇವೆರಡರ ನಡುವೆ ಕಾಣದೇ ಹೋಗಿದ್ದಾರೆ ಎಂಬುದು ನನ್ನ ತಕರಾರು.

1965ರ ಸೆಪ್ಟೆಂಬರ್ ಮೊದಲ ವಾರವನ್ನೇ ನೋಡಿ. ಆಗಸ್ಟಿನಲ್ಲಿ ಕಾಶ್ಮೀರದೊಳಕ್ಕೆ ನುಸುಳುಕೋರರನ್ನು ಕಳುಹಿಸಿದ್ದ ಪಾಕಿಸ್ತಾನ, ಸೆಪ್ಟೆಂಬರ್ 1ರಂದು ಜಮ್ಮು ಭಾಗದ ಛಾಂಬ್ ವಲಯದಲ್ಲಿ ಟ್ಯಾಂಕುಗಳನ್ನು ನುಗ್ಗಿಸಿತು. ಅದರ ಕಣ್ಣಿದ್ದುದು ಅಖ್ನೂರಿನ ಸೇತುವೆಯ ಮೇಲೆ. ಅದೊಂದು ಕೈತಪ್ಪಿದ್ದರೆ ರಜೌರಿ, ಪೂಂಛ್ ಕಡೆಯಲ್ಲಿದ್ದ ನಮ್ಮ ಸೇನೆಗೆ ಸರಬರಾಜಿನ ಮುಖ್ಯ ದಾರಿಯೇ ಕಡಿದುಹೋಗುತ್ತಿತ್ತು. ಚೀನಾದೆದುರಿನ 1962ರ ಸೋಲಿಗೆ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಶತ್ರು ಆರಿಸಿಕೊಂಡ ನೆಲದಲ್ಲಷ್ಟೇ ಕಾದಾಡುತ್ತ ಕೂರದೆ, ಸೆಪ್ಟೆಂಬರ್ 6ರಂದು ಪಂಜಾಬಿನ ಅಂತರರಾಷ್ಟ್ರೀಯ ಗಡಿಯನ್ನೇ ದಾಟಿ ಲಾಹೋರಿನತ್ತ ಸಾಗಲು ಸೇನೆಗೆ ಅನುಮತಿ ಕೊಟ್ಟವರು ಶಾಸ್ತ್ರಿ. ಯೋಜನೆ ಸೇನೆಯದು, ನಿಜ. ಆದರೆ ಜಗತ್ತು ಭಾರತವನ್ನು ಆಕ್ರಮಣಕಾರ ಎಂದು ಕರೆದರೂ ಸರಿಯೆಂದು ಹೊಣೆ ಹೊತ್ತದ್ದು ಪ್ರಧಾನಿ. ಪಾಕಿಸ್ತಾನ ತನ್ನ ಪಡೆಯ ಒಂದು ಭಾಗವನ್ನು ಛಾಂಬ್‌ನಿಂದ ಹಿಂದೆಗೆಯಬೇಕಾಯಿತು, ಅಖ್ನೂರು ಉಳಿಯಿತು. ಲಾಹೋರು ನಮ್ಮ ವಶವಾಗಲಿಲ್ಲ, ಖೇಮ್‌ಕರಣ್ ಪಟ್ಟಣವನ್ನು ಕಳೆದುಕೊಂಡೆವು ಎಂಬುದನ್ನೂ ಹೇಳಬೇಕು. ಸೆಪ್ಟೆಂಬರ್ 23ರ ಕದನವಿರಾಮದ ಹೊತ್ತಿಗೆ ಅದು ಪೂರ್ಣ ವಿಜಯವೇನೂ ಆಗಿರಲಿಲ್ಲ.

ಇದೇ ಕಾಲದಲ್ಲಿ ದೇಶ ಅಮೆರಿಕ ತನ್ನ ಪಿಎಲ್-480 ಎಂಬ ಆಹಾರ ನೆರವಿನ ಕಾಯ್ದೆಯಡಿ ಕಳುಹಿಸುತ್ತಿದ್ದ ಗೋಧಿಯನ್ನು ನೆಚ್ಚಿಕೊಂಡಿತ್ತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂಬ ಶಾಸ್ತ್ರಿಯವರ ಕರೆ ಎಲ್ಲರಿಗೂ ನೆನಪಿದೆ, ಆದರೆ ಸಿ. ಸುಬ್ರಮಣ್ಯಂ ಅವರಿಗೆ ಆಹಾರ ಮತ್ತು ಕೃಷಿ ಖಾತೆಯನ್ನು ವಹಿಸಿ, ಹೊಸ ತಳಿಯ ಗೋಧಿ ಬೀಜಗಳ ಪರವಾಗಿ ಅವರು ಹಿಡಿದ ಹಟಕ್ಕೆ ಬೆಂಬಲವಾಗಿ ನಿಂತದ್ದನ್ನು ಯಾರೂ ಹೇಳುವುದಿಲ್ಲ. ಉಪವಾಸದ ಕಥೆ ಹೇಳುವುದು ಸುಲಭ, ಕೃಷಿ ನೀತಿಯ ಕಥೆ ಹೇಳುವುದು ಕಷ್ಟ.

ಇನ್ನು ತಾಷ್ಕೆಂಟ್. ಸೋವಿಯತ್ ಪ್ರಧಾನಿ ಕೊಸಿಗಿನ್ ಅವರ ಮಧ್ಯಸ್ಥಿಕೆಯಲ್ಲಿ 1966ರ ಜನವರಿ 10ರಂದು ಸಹಿಯಾದ ಘೋಷಣೆಯಂತೆ, ಎರಡೂ ಸೇನೆಗಳು 1965ರ ಆಗಸ್ಟ್ 5ಕ್ಕೆ ಮೊದಲಿದ್ದ ಜಾಗಗಳಿಗೆ ಮರಳಬೇಕಿತ್ತು. ಅಂದರೆ, ಉರಿ ಮತ್ತು ಪೂಂಛ್ ನಡುವಿನ ನೇರ ಹಾದಿಯನ್ನು ಕಾಯುವ, ನಮ್ಮ ಯೋಧರು ಪ್ರಾಣ ಕೊಟ್ಟು ಗೆದ್ದಿದ್ದ ಹಾಜಿ ಪೀರ್ ಕಣಿವೆಮಾರ್ಗವನ್ನು ಬಿಟ್ಟುಕೊಡಬೇಕಿತ್ತು. ಛಾಂಬ್ ಪಾಕಿಸ್ತಾನದ ಕೈಯಲ್ಲಿದ್ದಾಗ ಕೊಡು-ಕೊಳ್ಳುವಿಕೆಯಿಲ್ಲದೆ ಬೇರೆ ದಾರಿಯಿರಲಿಲ್ಲವೆಂದು ನಾನು ಭಾವಿಸುತ್ತೇನೆ, ನೀವು ಒಪ್ಪದಿರಬಹುದು. ಒಪ್ಪದ ಮಹಾವೀರ್ ತ್ಯಾಗಿಯವರು ಕೇಂದ್ರ ಸಚಿವ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ ಶಾಸ್ತ್ರಿ ತೀರಿಕೊಂಡದ್ದರಿಂದ ಸಂಸತ್ತಿನಲ್ಲಿ ನಿಂತು ಆ ಒಪ್ಪಂದವನ್ನು ಸಮರ್ಥಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಅವರ ಸಾವಿನ ಬಗ್ಗೆ ಇಷ್ಟು ವರ್ಷ ಪ್ರಶ್ನೆ ಕೇಳಿದ ನಾವು, ಹಾಜಿ ಪೀರ್ ಬಗ್ಗೆ ಅವರು ಏನು ಉತ್ತರ ಕೊಡುತ್ತಿದ್ದರು ಎಂದು ಯೋಚಿಸುವ ಗೋಜಿಗೇ ಹೋಗಿಲ್ಲ.